ನಿಡೋಣಿಯಲ್ಲಿ ಬಡವರಿಲ್ಲ

ದೇವರು ಅಂಬಾದಾಸನಿಗೆ ಎಲ್ಲವನ್ನೂ ಕೊಟ್ಟಿದ್ದ, ‘ಇಲ್ಲ’ ಎಂಬ ಎರಡಕ್ಷರವನ್ನು ಮಾತ್ರ ಕೊಡಲು ಮರೆತಿದ್ದ. ಟಿಕೋಟಾದಿಂದ ದಿನಾ ಹೊನವಾಡದ ಬಸ್ಸಿನಲ್ಲಿ ನಿಂತುಕೊಂಡು ವಿಜಯಪುರಕ್ಕೆ ಬಂದು, ಗಾಂಧಿ ಚೌಕದ ಬಸಗೊಂಡಪ್ಪ ಸಾಹುಕಾರರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯಾಗಿ ದುಡಿಯುವ ಈ ಮನುಷ್ಯ, ಯಾರು ಏನು ಕೇಳಿದರೂ ‘ಹೂಂ’ ಅನ್ನುತ್ತಿದ್ದ. ಬಸ್ಸಿನಲ್ಲಿ ಪಕ್ಕದವಳು ಕೂಸು ಹಿಡಿದುಕೊಳ್ಳುತ್ತೀರಾ ಎಂದರೆ ಹೂಂ, ಅವಳ ಕೋಳಿಯನ್ನು ಹಿಡಿದುಕೊಳ್ಳುತ್ತೀರಾ ಎಂದರೂ ಹೂಂ. ಒಂದೇ ಮುಹೂರ್ತದ ಎರಡು ಮದುವೆಗಳಿಗೆ ಬರುತ್ತೇನೆಂದು ಮಾತು ಕೊಟ್ಟು, ಎರಡೂ ಕಡೆಯ ಊಟ ತಪ್ಪಿಸಿಕೊಂಡು, ಮನೆಯಲ್ಲಿ ಹೆಂಡತಿ ರುಕ್ಮವ್ವನಿಂದ ಬೈಸಿಕೊಂಡು ತಂಗಳ ರೊಟ್ಟಿ ತಿಂದದ್ದೂ ಉಂಟು.

ಇಂಥದ್ದೇ ಒಂದು ಹೂಂ ನಿಡೋಣಿಯಲ್ಲಿತ್ತು. ನಿಡೋಣಿ ರುಕ್ಮವ್ವನ ತವರು. ಅಲ್ಲಿ ಅವಳ ತಮ್ಮ ರಾಜಾರಾಮನ ಮನೆಯ ಹಿಂದಿನ ಓಣಿಯಲ್ಲಿ ಕಾಳವ್ವ ಎಂಬ ಮುದುಕಿ ಇದ್ದಳು. ಗಂಡನಿಲ್ಲ, ಹೊಲವಿಲ್ಲ, ಇದ್ದವನು ಒಬ್ಬ ಮಗ, ಚೇತನಕುಮಾರ. ಹುಡುಗ ಊರವರ ದ್ರಾಕ್ಷಿ ತೋಟಗಳಲ್ಲಿ ಮೈಮುರಿದು ದುಡಿಯುತ್ತಿದ್ದ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಹೋದ ಮಳೆಗಾಲದಲ್ಲಿ ಮನೆಯ ಒಂದು ಗೋಡೆ ಕುಸಿದು ಅಲ್ಲಿ ತಾಡಪಾಲು ಕಟ್ಟಿದ್ದರು. ಹೆಣ್ಣು ಕೊಡಲು ಬಂದವರು ತಾಡಪಾಲು ಕಂಡ ಕೂಡಲೇ ಚಹಾಕ್ಕೂ ಕಾಯದೆ ಎದ್ದುಬಿಡುತ್ತಿದ್ದರು. ಕಣ್ಣು ಮುಚ್ಚುವುದರೊಳಗೆ ಮನೆಗೆ ಸೊಸೆ ಬರಬೇಕು ಎನ್ನುವುದೊಂದೇ ಕಾಳವ್ವನ ಆಸೆ.

“ಅಳ್ಯಾ, ಪ್ಯಾಟ್ಯಾಗ ಇರ್ತಿ, ಹತ್ತು ಮಂದಿ ಅಂಗಡಿಗೆ ಬರ್ತಾರ. ನನ್ನ ಮಗಗೊಂದು ಹೆಣ್ಣ ನೋಡಪಾ,” ಎಂದು ಅವಳು ಅಂಬಾದಾಸ ಬಂದಾಗಲೆಲ್ಲ ಕೇಳುತ್ತಿದ್ದಳು.

“ಹೂಂ ಅತ್ತಿ, ನೋಡ್ತೇನಿ,” ಎನ್ನುತ್ತಿದ್ದ ಅಂಬಾದಾಸ. ಬಸ್ಸು ಬಬಲೇಶ್ವರ ದಾಟುವುದರೊಳಗೆ ಮರೆಯುತ್ತಿದ್ದ. ಕಾಳವ್ವ ಮರೆಯುತ್ತಿರಲಿಲ್ಲ.

ಹೀಗಿರುವಾಗ ಸಾಹುಕಾರರ ಒಬ್ಬಳೇ ಮಗಳು ಶೈಲಾ ಪುಣೆಯಲ್ಲಿ ಓದು ಮುಗಿಸಿ ಊರಿಗೆ ಬಂದಳು. ಬರುವಾಗ ಎರಡು ಸೂಟ್‌ಕೇಸು, ಒಂದು ಪದವಿ, ಮತ್ತು ಬಡವರ ಸೇವೆ ಮಾಡಿಯೇ ತೀರುವೆನೆಂಬ ಹಟ, ಇಷ್ಟನ್ನು ತಂದಿದ್ದಳು. ಮೊದಲ ಸೇವೆ ಅಪ್ಪನ ಅಂಗಡಿಯಲ್ಲೇ ನಡೆಯಿತು. ಬಡವರಂತೆ ಕಂಡವರಿಗೆ ಅರ್ಧ ದರಕ್ಕೆ ಬಟ್ಟೆ ಕೊಟ್ಟಳು. ವಾರದೊಳಗೆ ಗಾಂಧಿ ಚೌಕದ ಗಿರಾಕಿಗಳೆಲ್ಲ ಹರಿದ ಅಂಗಿ ಹಾಕಿಕೊಂಡು ಬರತೊಡಗಿದರು. ಕಾರನ್ನು ಮುಂದಿನ ಓಣಿಯಲ್ಲಿ ನಿಲ್ಲಿಸಿ, ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು, ಬರಿಗಾಲಲ್ಲಿ ಬಂದು ರೇಷ್ಮೆ ಸೀರೆ ಕೇಳಿದವರೂ ಇದ್ದರು. ಬಸಗೊಂಡಪ್ಪ ಕೈಮುಗಿದರು. “ಯವ್ವಾ, ಸೇವಾ ಮಾಡು, ಬ್ಯಾಡನ್ನೂದಿಲ್ಲ. ಆದ್ರ ಎಲ್ಲ್ಯರ ಹೊರಗ ಮಾಡು.”

ಶೈಲಾ ದಿವಾನಜಿಯ ಹತ್ತಿರ ಬಂದಳು. “ಅಂಬಾದಾಸ ಕಾಕಾ, ಖರೇ ಬಡವರು ಇರೋ ಊರು ನಿಮಗ ಗೊತ್ತೈತೇನು?”

“ಹೂನ್ರಿ ಅಕ್ಕಾರ.”

“ಯಾವುದು?”

ಅಂಬಾದಾಸ ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಒಂದು ಚಿತ್ರ ಬಂತು: ಇಷ್ಟು ವರ್ಷ ಅತ್ತೆಯ ಮನೆಗೆ ಬಸ್ಸಿನಲ್ಲಿ ಜೋತಾಡಿ ಹೋದ ತಾನು, ಎಲ್ಲರೂ ನೋಡುತ್ತಿರುವಾಗ ಸಾಹುಕಾರರ ಬಿಳಿ ಕಾರಿನಿಂದ ಇಳಿಯುತ್ತಿದ್ದಾನೆ. “ನಿಡೋಣಿ ನೋಡ್ರಿ,” ಅಂದುಬಿಟ್ಟ. ದ್ರಾಕ್ಷಿ, ಕಬ್ಬು ಬೆಳೆದು ತಕ್ಕಮಟ್ಟಿಗೆ ನೆಟ್ಟಗಿರುವ ಊರು ಅದು. ಆದರೂ ಬಡವರಿಲ್ಲದ ಊರು ಎಲ್ಲಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ಒಂದ ಮಾತು ಕಾಕಾ. ನಾವು ರಗ್ಗು ಹಂಚಾಕ ಬರ್ತೀವಿ ಅಂತ ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಎಲ್ಲಾರೂ ಬಡವರ ವೇಷ ಹಾಕ್ತಾರ. ನಾ ಸುಮ್ಮ ಮನಿಮನಿಗೆ ಹೋಗಿ ಮನ್ಯಾಗ ಎಷ್ಟ ಮಂದಿ, ಹೊಲಾ ಎಷ್ಟ ಐತಿ, ಗಂಡಸರಿಗೆ ಕುಡಿಯೋ ಚಟಾ ಐತೇನು ಅಂತ ಕೇಳ್ತೇನಿ. ಯಾರಿಗೆ ಖರೇ ಬೇಕಾಗೈತಿ ನೋಡಿ ಕಡೀಕ ಕೊಡೂಣು.”

“ಹೂನ್ರಿ.”

ಅಂದು ಸಂಜೆ ಅಂಬಾದಾಸ ರಾಜಾರಾಮನಿಗೆ ಫೋನು ಮಾಡಿದ. ಸಾಹುಕಾರರ ಮಗಳು ನಾಡಿದ್ದು ನಿಡೋಣಿಗೆ ಬರುತ್ತಾಳೆ, ನಾಲ್ಕು ಮನೆಗೆ ಹೋಗಿ ಇಂತಿಂಥ ವಿಷಯ ಕೇಳುತ್ತಾಳೆ ಎಂದ.

“ಯಾಕ್ರಿ ಮಾಮಾ?”

“ಅದು ಗುಟ್ಟು. ಗುಟ್ಟಾಗೇ ಇರ್ಲಿ.”

“ಅಕ್ಕಾರದು ಲಗ್ನಾ ಆಗೇತೇನ್ರಿ?”

“ಇನ್ನ ಆಗಬೇಕು.”

ರಾಜಾರಾಮನಿಗೆ ಅಷ್ಟೇ ಸಾಕಾಯಿತು. ಮನೆಯಲ್ಲಿ ಎಷ್ಟು ಜನ, ಹೊಲ ಎಷ್ಟು, ಚಟ ಏನಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಕಡೆ ಒಂದೇ ಕಾರಣಕ್ಕೆ ಕೇಳುತ್ತಾರೆ. ಅದೂ ಕಾರಣವನ್ನು ಬಾಯಿಬಿಟ್ಟು ಹೇಳದೆ ಕೇಳಿದರೆ ಸಂಶಯವೇ ಬೇಡ. ಹೊಲವಿದ್ದರೂ, ಟ್ರ್ಯಾಕ್ಟರಿದ್ದರೂ ಒಕ್ಕಲುತನದ ಹುಡುಗರಿಗೆ ಹೆಣ್ಣು ಸಿಗದ ಕಾಲ ಇದು. ಅಂಥದ್ದರಲ್ಲಿ ಗಾಂಧಿ ಚೌಕದ ಸಾಹುಕಾರರ ಮಗಳು ತಾನೇ ಗಂಡಿನ ಮನೆ ನೋಡಲು ಬರುತ್ತಾಳೆಂದರೆ! ರಾಜಾರಾಮ ಗುಟ್ಟನ್ನು ಗುಟ್ಟಾಗಿಯೇ ಇಟ್ಟ. ಕ್ಷೌರದಂಗಡಿಯಲ್ಲಿ ಒಬ್ಬನೇ ಒಬ್ಬನ ಕಿವಿಯಲ್ಲಿ ಹೇಳಿದ.

ಕಾರು ನಿಡೋಣಿಯನ್ನು ಹೊಕ್ಕಾಗ ಬೀದಿಗೆ ನೀರು ಹೊಡೆದಿತ್ತು, ಬಾಗಿಲುಗಳ ಮುಂದೆ ರಂಗೋಲಿ ಬಿದ್ದಿತ್ತು. ಗಡ್ಡ ಬೋಳಿಸಿದ ಹುಡುಗರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಟ್ಟೆಗಳ ಮೇಲೆ ಏನೂ ಗೊತ್ತಿಲ್ಲದವರಂತೆ ಕೂತಿದ್ದರು.

“ಇವತ್ತ ಏನರ ಹಬ್ಬ ಐತೇನು ಕಾಕಾ?” ಎಂದು ಕೇಳಿದಳು ಶೈಲಾ. ಕಾರು ಅವಳೇ ಓಡಿಸುತ್ತಿದ್ದಳು. ಹಿಂದಿನ ಸೀಟಿನ ತುಂಬ ರಗ್ಗುಗಳಿದ್ದವು, ಅವುಗಳ ಮೇಲೊಂದು ಚಾದರ ಮುಚ್ಚಿತ್ತು.

“ಹೂನ್ರಿ,” ಎಂದ ಅಂಬಾದಾಸ. ಅವನ ಗಮನವೆಲ್ಲ ತಾನು ಇಳಿಯುವುದನ್ನು ಯಾರು ಯಾರು ನೋಡುತ್ತಿದ್ದಾರೆ ಎಂಬುದರ ಮೇಲಿತ್ತು.

ಮೊದಲ ಮನೆಯಲ್ಲಿ ಕೆಂಪು ಸೋಫಾ ಇತ್ತು. ಪಕ್ಕದಲ್ಲಿ ಗಿಳಿಯ ಚಿತ್ರ ಅಂಟಿಸಿದ ಫ್ರಿಜ್ಜು ಇತ್ತು, ಅದರ ವೈರು ನೆಲದ ಮೇಲೆ ಬಿದ್ದಿತ್ತು. ಕೂತ ಕೂಡಲೇ ಶಿರಾ, ಉಪ್ಪಿಟ್ಟು ಬಂದವು.

“ನಿಮ್ಮ ಕಷ್ಟಾ ಏನರ ಇದ್ರ ಹೇಳ್ರಿ,” ಎಂದಳು ಶೈಲಾ, ಪುಣೆಯಲ್ಲಿ ಕಲಿತ ಮೆತ್ತನೆಯ ದನಿಯಲ್ಲಿ.

“ಕಷ್ಟ? ನಮ್ಮನ್ಯಾಗ?” ಮನೆಯಾಕೆ ಆ ಶಬ್ದವನ್ನು ಅದೇ ಮೊದಲು ಕೇಳಿದವಳಂತೆ ಗಲ್ಲದ ಮೇಲೆ ಕೈಯಿಟ್ಟಳು. “ಯವ್ವಾ, ಇಲ್ಲಿ ಬಂದಾಕಿ ಕಾಲ ಮ್ಯಾಲ ಕಾಲ ಹಾಕ್ಕೊಂಡ ಕೂಡಬೇಕು!”

“ನೀರು ಹೊತ್ತು ತರಬೇಕಾಗತೈತೇನ್ರಿ?”

“ಬಂದಾಕಿ ಕೊಡಾ ಮುಟ್ಟೂದ ಬ್ಯಾಡ. ನಾ ಸಾಯೂ ತನಕಾ ನಾನ ಹೊರ್ತೇನಿ.”

“ಗಂಡಸರಿಗೆ ಚಟಾ?”

“ನನ್ನ ಮಗಾ ಚಹಾನೂ ಕುಡ್ಯಾಂಗಿಲ್ಲ ನೋಡ್ರಿ!” ಎಂದು ಆಕೆ ಮಗನ ಕೈಯಿಂದ ಕಪ್ಪನ್ನು ಕಸಿದುಕೊಂಡಳು.

ಶೈಲಾ ಹೊರಗೆ ಬಂದು, ಈ ಜನರ ಸ್ವಾಭಿಮಾನ ಬಹಳ ದೊಡ್ಡದು ಎಂದು ಮೆಚ್ಚಿಕೊಂಡಳು. ಅಂಬಾದಾಸನಿಗೆ ಮಾತ್ರ ಆ ‘ಬಂದಾಕಿ’ ಎಂಬ ಮಾತು ಯಾಕೋ ಸರಿ ಕಾಣಲಿಲ್ಲ. ರಾಜಾರಾಮನನ್ನು ಗೋಡೆಯ ಮರೆಗೆ ಎಳೆದ. “ಏನಲೇ ಇದು?”

ರಾಜಾರಾಮ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದ. “ಕಾಳವ್ವಗೂ ಹೇಳೇನ್ರಿ ಮಾಮಾ. ಕಡೀ ಮನಿ ಅವರದ. ಮುಂಜಾನಿಂದ ಖುಷಿಲೆ ಅಳಾಕತ್ತಾಳ, ‘ನಮ್ಮ ಅಳಿಯಾ ಮಾತ ಉಳಿಸ್ಕೊಂಡ, ಸಾಹುಕಾರ್ರ ಮಗಳನ್ನ ತಂದಾನ’ ಅಂತ.”

ಅಂಬಾದಾಸ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಸಾಹುಕಾರರ ಮಗಳನ್ನು ಅವರಿಗೆ ತಿಳಿಯದಂತೆ ಗಂಡು ತೋರಿಸಲು ಊರೂರು ತಿರುಗಿಸಿದ ದಿವಾನಜಿ ಎಂದು ಗಾಂಧಿ ಚೌಕದಲ್ಲಿ ಸುದ್ದಿಯಾದರೆ ಗತಿ ಏನು? ಅದಾದರೂ ಹೋಗಲಿ, ಕಾಳವ್ವನಿಗೆ ಏನು ಹೇಳುವುದು? ಒಂದು ನಿಜ ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ನಿಜ ‘ಇಲ್ಲ’ದಿಂದ ಶುರುವಾಗುವಂಥದ್ದು. ಬೇಗ ಬೇಗ ಉಳಿದ ಮನೆ ಮುಗಿಸಿ, ಕೊನೆಯದಾದ ಕಾಳವ್ವನ ಮನೆ ತಪ್ಪಿಸಿ ಓಡಿಬಿಡಬೇಕೆಂದು ಅವನು ತೀರ್ಮಾನಿಸಿದ.

ಎರಡನೆಯ ಮನೆಯಲ್ಲೂ ಕೆಂಪು ಸೋಫಾ ಇತ್ತು. ಗಿಳಿಯ ಫ್ರಿಜ್ಜೂ ಇತ್ತು. ಇವರು ಮುಂದಿನ ಬೀದಿಯಿಂದ ಬರುವಷ್ಟರಲ್ಲಿ ಅವು ಹಿಂದಿನ ಓಣಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದವು. ಹೊತ್ತವರು ಇನ್ನೂ ಬಾಗಿಲ ಹಿಂದೆ ಏದುಸಿರು ಬಿಡುತ್ತಿದ್ದರು.

“ಇಲ್ಲೂ ಇಂಥಾದ ಸೋಫಾ?” ಎಂದಳು ಶೈಲಾ.

“ಹೂನ್ರಿ. ಊರಿಗೆಲ್ಲಾ ಕೂಡಿ ತಂದಾರ,” ಎಂದ ಅಂಬಾದಾಸ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಲ್ಲಿ ಅಪಾಯ ಬೇರೆ ರೂಪದಲ್ಲಿ ಬಂತು. ಮನೆಯಾಕೆ ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಉತ್ತತ್ತಿ ಇಟ್ಟುಕೊಂಡು ಒಳಗಿನಿಂದ ಬಂದಳು. ಹಿಂದೆ ನಾಲ್ಕು ಹೆಂಗಸರು ಹಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮನೆ ನೋಡಲು ಬಂದ ಹುಡುಗಿಗೆ ಗಂಡಿನ ಕಡೆಯವರು ಹೀಗೆ ನಾಲ್ಕು ಜನರ ಎದುರು ಉಡಿ ತುಂಬಿದರೆಂದರೆ ಅರ್ಧ ಲಗ್ನವಾದಂತೆ. ಪುಣೆಯ ಹಾಸ್ಟೆಲಿನಲ್ಲಿ ಬೆಳೆದ ಶೈಲಾ, ಹಳ್ಳಿಯ ಜನರ ಪ್ರೀತಿಯೇ ಪ್ರೀತಿ ಎಂದುಕೊಂಡು, ನಗುತ್ತ ಎದ್ದು ವೇಲನ್ನು ಎರಡೂ ಕೈಯಲ್ಲಿ ಒಡ್ಡಿದಳು.

ಅಂಬಾದಾಸ ತನ್ನ ವಯಸ್ಸನ್ನು ಮರೆತು ಜಿಗಿದ. ಹೆಗಲ ಮೇಲಿನ ಟವೆಲನ್ನು ಒಡ್ಡಿ ನಡುವೆ ನಿಂತ. “ನನಗ ತುಂಬ್ರಿ!”

“ಏನಂದ್ರಿ?”

“ಮೊದಲ ಊರ ಅಳಿಯಗ ತುಂಬಬೇಕ್ರಿ. ನಮ್ಮ ಟಿಕೋಟಾದಾಗ ಹಂಗ ಪದ್ಧತಿ.”

“ಗಂಡಸರಿಗೆ ಉಡಿ ತುಂಬ್ತಾರೇನ್ರಿ?”

“ಹೂನ್ರಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರರ ಕಡೆಯ ಮನುಷ್ಯನ ಮಾತು ಮೀರುವಂತಿಲ್ಲ. ಐದು ಜನ ಮುತ್ತೈದೆಯರು ಸೇರಿ, ಮೀಸೆ ಹೊತ್ತ ದಿವಾನಜಿಗೆ ಶಾಸ್ತ್ರೋಕ್ತವಾಗಿ ಉಡಿ ತುಂಬಿ, ಹಣೆಗೆ ಕುಂಕುಮ ಹಚ್ಚಿ, ಎರಡು ಸಾಲು ಹಾಡಿದರು. ಸುದ್ದಿ ಕಾರಿಗಿಂತ ಮೊದಲೇ ಮುಂದಿನ ಮನೆ ಮುಟ್ಟಿತು. ಅಲ್ಲಿ ಕೆಂಪು ಸೋಫಾದ ಪಕ್ಕದಲ್ಲಿ ಆರತಿ ಸಿದ್ಧವಾಗಿತ್ತು, ಅಂಬಾದಾಸನಿಗೆ. ಹೊರಬೀಳುವ ಹೊತ್ತಿಗೆ ಅವನ ಟವೆಲಿನ ಗಂಟು ಎತ್ತಲಾರದಷ್ಟು ಭಾರವಾಗಿತ್ತು.

ಶೈಲಾಳ ಉತ್ಸಾಹ ಇಳಿಯತೊಡಗಿತು. ಗ್ರಾಮ ಪಂಚಾಯ್ತಿಯ ಮೆಂಬರೊಬ್ಬರು ಎದುರಾದಾಗ ನೇರವಾಗಿ ಕೇಳಿದಳು. “ನಿಮ್ಮೂರಾಗ ಬಡವರು ಯಾರೂ ಇಲ್ಲೇನ್ರಿ?”

ಮೆಂಬರರ ತಂಗಿಯ ಮಗ ಲಗ್ನವಾಗದೆ ಕೂತಿದ್ದ. ಅವರು ಎದೆಯುಬ್ಬಿಸಿದರು. “ಬಡವ್ರೇನ್ರಿ? ಬಿಪಿಎಲ್ ಕಾರ್ಡ ಇದ್ದವ್ರು ರಗಡ ಮಂದಿ ಅದಾರ್ರಿ, ಬಡವ್ರು ಒಬ್ರೂ ಇಲ್ರಿ.”

“ಕಾಕಾ,” ಎಂದಳು ಶೈಲಾ. ಅವಳ ಕಣ್ಣು ತುಂಬಿತ್ತು. “ನನ್ನ ಕೈಲೆ ಒಬ್ಬ ಬಡವರನ್ನ ಹುಡಕಾಕೂ ಆಗವಲ್ದಲ್ಲ. ಅಪ್ಪಾ ನಗ್ತಾರ.”

“ಹೋಗೂಣ್ರಿ ಅಕ್ಕಾರ, ಹೊತ್ತಾತು,” ಎಂದು ಅಂಬಾದಾಸ ಗಂಟನ್ನು ಹೊತ್ತು ಕಾರಿನ ಕಡೆ ಓಡುವಷ್ಟರಲ್ಲಿ ಹಿಂದಿನ ಓಣಿಯಿಂದ ದೊಡ್ಡ ಗದ್ದಲ ಕೇಳಿಸಿತು. ಶೈಲಾ ಅತ್ತಲೇ ನಡೆದಳು.

ಕಾಳವ್ವನ ಮನೆಯ ಬಾಗಿಲಲ್ಲಿ ಕೆಂಪು ಸೋಫಾ ಸಿಕ್ಕಿಬಿದ್ದಿತ್ತು. ಅದು ಒಳಗೂ ಹೋಗದು, ಹೊರಗೂ ಬಾರದು. ಹೊರಗಿನಿಂದ ಚೇತನಕುಮಾರ ದೂಡುತ್ತಿದ್ದ, ಒಳಗಿನಿಂದ ಕಾಳವ್ವ ಎಳೆಯುತ್ತಿದ್ದಳು. ಫ್ರಿಜ್ಜು ಹೊತ್ತವರು ಸರತಿಯಲ್ಲಿ ಕಾಯುತ್ತಿದ್ದರು. ಶೈಲಾಳನ್ನು ಕಂಡದ್ದೇ ತಡ ಓಣಿಗೆ ಓಣಿಯೇ ಕಲ್ಲಾಯಿತು.

ಸೋಫಾದ ಮೇಲಿಂದ ಕಾಳವ್ವನ ತಲೆ ಮೇಲೆದ್ದಿತು. ಹೊಸದಾಗಿ ಎಣ್ಣೆ ಹಚ್ಚಿ ಬಾಚಿದ್ದಳು. “ಬಾ ಯವ್ವಾ, ಕೂಡು.” ಕೂಡಲು ಬೇರೆ ಜಾಗವಿರಲಿಲ್ಲ. ಶೈಲಾ ಸೋಫಾದ ಹೊರಗಿನ ಅರ್ಧದ ಮೇಲೆ ಬೀದಿಯಲ್ಲೇ ಕೂತಳು.

“ಸುಳ್ಳ ಹೇಳಾಕ ನನಗ ಬರೂದಿಲ್ಲ ಯವ್ವಾ,” ಎಂದಳು ಕಾಳವ್ವ ಒಳಗಿನಿಂದ. “ಇದು ಮಂದಿ ಸೋಫಾ. ನನ್ನ ಮನ್ಯಾಗ ಒಂದ ಕಡೆ ಗ್ವಾಡಿನೂ ಇಲ್ಲ. ಆದ್ರ ನನ್ನ ಮಗಾ ಬಂಗಾರದಂಥಾಂವ. ಬಂದಾಕಿ ಕಣ್ಣಾಗ ನೀರ ತರಸಾಂವಲ್ಲ.” ಆಮೇಲೆ ಅಂಬಾದಾಸನ ಕಡೆ ತಿರುಗಿದಳು. “ಅಳ್ಯಾ, ನೀನ ಹೇಳಪಾ. ಈ ಹುಡುಗಿ ನನ್ನ ಮನಿಗೆ ಬರ್ತಾಳೇನು?”

ಹೂಂ ಎಂಬುದು ಅಂಬಾದಾಸನ ನಾಲಿಗೆಯ ತುದಿಗೆ ಬಂದು ನಿಂತಿತು. ಎಂದಿನ ಹಾಗೆ ಅದನ್ನು ಉದುರಿಸಿ ಕಾರು ಹತ್ತಬಹುದಿತ್ತು. ಆದರೆ ಮುದುಕಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಈ ನಂಬಿಕೆಯನ್ನು ಇಷ್ಟು ವರ್ಷ ಬಿಟ್ಟಿಯಾಗಿ ಉಂಡೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಜೋರಾಗಿ ಅತ್ತುಬಿಡಬೇಕೆನಿಸಿತು.

“ಇಲ್ಲ ಅತ್ತಿ,” ಎಂದ.

ಒಂದು ಇಲ್ಲ ಹೊರಬಿದ್ದದ್ದೇ ತಡ, ಉಳಿದದ್ದೆಲ್ಲ ತಾನಾಗಿ ಬಂತು. ತಾನು ಎಂದೂ ಹೆಣ್ಣು ಹುಡುಕಿಲ್ಲ, ಅಕ್ಕಾರು ಗಂಡು ನೋಡಲು ಬಂದಿಲ್ಲ, ಟಿಕೋಟಾದಲ್ಲಿ ಗಂಡಸರಿಗೆ ಉಡಿ ತುಂಬುವ ಪದ್ಧತಿಯೂ ಇಲ್ಲ. ಫ್ರಿಜ್ಜು ಹೊತ್ತವರು ಅದನ್ನು ಮೆಲ್ಲಗೆ ಕೆಳಗಿಟ್ಟರು. ಶೈಲಾಳ ಮುಖ ಕೂತ ಸೋಫಾದ ಬಣ್ಣಕ್ಕೆ ತಿರುಗಿತು.

ಕಾಳವ್ವನ ತಲೆ ಸೋಫಾದ ಹಿಂದೆ ಮರೆಯಾಯಿತು. ದನಿ ಮಾತ್ರ ಬಂತು. “ಹಂಗಾರ ಯಾಕ ಬಂದೀ ಯವ್ವಾ?”

“ರಗ್ಗು ಕೊಡಾಕ,” ಎಂದಳು ಶೈಲಾ ತೊದಲುತ್ತ.

“ರಗ್ಗೇನು? ಮೊದಲ ಹೇಳಬಾರದೇನು? ಬಡತನಾ ಕಾಣತೈತಿ ಅಂತ ಇದ್ದ ಕೌದಿನೂ ಬಾಜು ಮನ್ಯಾಗ ಒಗದ ಬಂದೇನಿ.”

ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಓಣಿಯೇ ನಕ್ಕಿತು. ಕಾಳವ್ವ ನಗಲಿಲ್ಲ. ಬೆಳಗಿನಿಂದ ಕಷ್ಟವನ್ನೇ ಅರಿಯದವರು ಹೊತ್ತು ಇಳಿಯುವುದರೊಳಗೆ ಒಬ್ಬೊಬ್ಬರಾಗಿ ಹಿಂದಿನ ಓಣಿಯಿಂದ ಬಂದು ರಗ್ಗು ಒಯ್ದರು. ಮೆಂಬರು ಮಾತ್ರ ತಮಗಲ್ಲ, ನಾಯಿಗೆ ಎಂದು ಹೇಳಿ ಎರಡು ತೆಗೆದುಕೊಂಡರು.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲವು ದಿನಗಳ ಮೇಲೆ ಅಂಬಾದಾಸ ಬಸ್ಸಿನಲ್ಲಿ ನಿಂತಿದ್ದಾಗ ಹೊನವಾಡದ ಇಬ್ಬರ ಮಾತು ಕಿವಿಗೆ ಬಿತ್ತು. ಸಾಹುಕಾರರ ಮಗಳು ನಿಡೋಣಿಯಲ್ಲಿ ಕಾಳವ್ವನ ಮಗನನ್ನು ನೋಡಿದಳಂತೆ, ಒಳಗೆ ಕಾಲೂ ಇಡದೆ ಬೀದಿಯಿಂದಲೇ ಬೇಡವೆಂದು ಎದ್ದುಹೋದಳಂತೆ. “ಅಂದಮ್ಯಾಲ ಹುಡುಗನ ಕಡೆ ಏನೋ ಐಬ ಐತಿ,” ಎಂದು ಒಬ್ಬ ತೀರ್ಪು ಕೊಟ್ಟ.

ಮಧ್ಯಾಹ್ನ ಕಾಳವ್ವನ ಫೋನು ಬಂತು. ಹೊನವಾಡದ ಒಂದು ಮನೆಯವರು ತಾಡಪಾಲನ್ನು ಕಣ್ಣಾರೆ ಕಂಡೂ ಹುಡುಗ ಒಳ್ಳೆಯವನೆಂದು ಒಪ್ಪಿದ್ದರು, ಹುಡುಗಿಯೂ ಹೂಂ ಅಂದಿದ್ದಳು. ಈಗ ಈ ಸುದ್ದಿ ಕೇಳಿ ಹಿಂದೆಗೆದಿದ್ದರು. “ನಿಮ್ಮ ರಗ್ಗ ಬಂದ ನನ್ನ ಸೊಸಿನ್ನ ಕಳೀತಲ್ಲೋ ಅಳ್ಯಾ,” ಎಂದು ಮುದುಕಿ ಅತ್ತಳು. ಅಂಬಾದಾಸ ಶೈಲಾಳಿಗೆ ಇದನ್ನು ಹೇಳಿದ. ಅವಳು ಅಂದು ಊಟ ಮಾಡಲಿಲ್ಲ.

ಮರುದಿನ ಹೊನವಾಡದ ಹುಡುಗಿಯ ಸೋದರತ್ತೆ ವಿಚಾರಣೆಗೆ ಅಂಗಡಿಗೇ ಬಂದಳು. ದೊಡ್ಡ ಕುಂಕುಮದ, ದೊಡ್ಡ ಗಂಟಲಿನ ಹೆಂಗಸು. ಬಸಗೊಂಡಪ್ಪ ಗಾದಿಯ ಮೇಲೆ ಕೂತು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು.

“ದಿವಾನಜಿ ಯಾರ್ರಿ? ನಿಮ್ಮ ಸಾಹುಕಾರ್ರ ಮಗಳು ನಿಡೋಣಿ ಹುಡುಗನ್ನ ಬ್ಯಾಡಂದಳಂತ ಖರೇ ಏನು? ಏನ ಐಬ ಕಂಡಳು, ಅಷ್ಟ ಹೇಳ್ರಿ.”

ಅಂಬಾದಾಸ ಬಾಯಿ ತೆರೆದ. ಹೂಂ ಅಂದರೆ ಕಾಳವ್ವ ಕೆಟ್ಟಳು. ಇಲ್ಲ ಅಂದರೆ ರಗ್ಗು, ಸೋಫಾ, ಉಡಿ ಎಲ್ಲ ಹೇಳಬೇಕು, ಯಾರು ನಂಬುತ್ತಾರೆ? ಅಷ್ಟರಲ್ಲಿ ಒಳಗಿನಿಂದ ಶೈಲಾ ಬಂದಳು.

“ನಾ ಬ್ಯಾಡನ್ನಲಿಲ್ಲರಿ,” ಎಂದಳು. “ಅವರು ನನ್ನ ಬ್ಯಾಡಂದ್ರು.”

ಬಸಗೊಂಡಪ್ಪನವರ ಬಸಿ ಅರ್ಧ ದಾರಿಯಲ್ಲಿ ನಿಂತಿತು.

“ನಿನ್ನ?” ಸೋದರತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾಕ?”

“ರೊಟ್ಟಿ ಬಡಿಯಾಕ ಬರೂದಿಲ್ಲ ನನಗ. ಬಾಗಲದಾಗ ಕುಂಡ್ರಿಸಿ ಮಾತಾಡಿಸಿ ಕಳಿಸಿದ್ರು. ಆ ಅವ್ವ ಒಂದೂ ಸುಳ್ಳ ಹೇಳಲಿಲ್ಲರಿ. ಅಂಥಾ ಮನಿ ಸಿಗಾಕ ಪುಣ್ಯಾ ಬೇಕು.”

“ಹೌದೇನ್ರಿ ದಿವಾನಜಿ?”

ಸಾಹುಕಾರರು ಗಾದಿಯಿಂದ ಕೆಂಗಣ್ಣು ಬಿಟ್ಟು ನೋಡುತ್ತಿದ್ದರು. ಅಂಬಾದಾಸ ಅವರ ಕಡೆ ತಿರುಗಲೇ ಇಲ್ಲ. “ಹೂನ್ರಿ,” ಎಂದ, ಅಂಗಡಿಗೆಲ್ಲ ಕೇಳುವಂತೆ.

ಸೋದರತ್ತೆಯ ಮುಖ ಅರಳಿತು. ಸಾಹುಕಾರರ ಮಗಳನ್ನೇ ಒಲ್ಲೆನೆಂದ ಮನೆ ತಮ್ಮ ಹುಡುಗಿಯನ್ನು ಕೇಳಿದೆ! ಅಲ್ಲಿಯೇ ಕೂತು ಮದುವೆಯ ಸೀರೆ ಆರಿಸಿದಳು. ಹೊರಟು ಬಾಗಿಲವರೆಗೆ ಹೋದವಳು ಏನನ್ನೋ ನೆನೆದು ಹಿಂದಕ್ಕೆ ಬಂದಳು. ತನ್ನ ಗಂಟು ಬಿಚ್ಚಿ, ಆಗಷ್ಟೇ ಕೊಂಡಿದ್ದ ಒಂದು ಕುಬಸದ ಖಣ ತೆಗೆದು ಶೈಲಾಳ ಕೈಯಲ್ಲಿಟ್ಟಳು. ಅವಳ ಕೆನ್ನೆ ಸವರಿ ಲಟಿಕೆ ಮುರಿದಳು.

“ಮನಸಿಗೆ ಹಚ್ಕೋಬ್ಯಾಡ ಯವ್ವಾ,” ಎಂದಳು ಮರುಕದಿಂದ. “ರೊಟ್ಟಿ ಕಲಿ. ಬಡವ್ರ ಮನಿ ಆದ್ರೂ ಎಲ್ಲ್ಯರ ಒಂದ ಸಿಗತೈತಿ.”

ಶೈಲಾ ಆ ಖಣವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.